ಹದಿನೆಂಟು ಅಡಿಯ ಹೆಣ್ಣಾಳು

ಲಾಲ್ ಸಾಬನಿಗೆ ಐವತ್ತೆರಡು ತುಂಬಿತ್ತು. ಅಷ್ಟು ವರ್ಷ ಕೈ ಸವೆಸಿದರೂ ಹೆಸರು ಹೇಳಿಕೊಳ್ಳುವಂಥದ್ದು ಒಂದೂ ಉಳಿದಿರಲಿಲ್ಲ. ಉಳಿಯುವುದಾದರೂ ಹೇಗೆ? ಚಿತ್ರದುರ್ಗದಲ್ಲಿ ಮೊಹರಂ ತಾಬೂತು ಕಟ್ಟುವ ಮನೆತನ ಅವನದು. ತಿಂಗಳುಗಟ್ಟಲೆ ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ, ಊರೆಲ್ಲ ಬಾಯಿ ಬಿಟ್ಟು ನೋಡುವಂತೆ ಮಾಡುವುದು, ಹಬ್ಬ ಮುಗಿದ ದಿನ ನೀರಿಗೆ ಬಿಡುವುದು. ಮಿಕ್ಕ ದಿನ ಗಾರೆ ಕೆಲಸ.

ಅಂಥವನಿಗೆ ಎಪ್ಪತ್ತನಾಲ್ಕನೇ ಇಸವಿಯಲ್ಲಿ ಒಂದು ಕೆಲಸ ಬಂತು ನೋಡಿ! ಬೆಟ್ಟದ ಬುಡದ ಕೆರೆ ಏರಿ ಒಡೆದಾಗ ಮಣ್ಣು ಹೊತ್ತು ಕಟ್ಟಿದವರು ಹೆಣ್ಣಾಳುಗಳು. ಅವರ ನೆನಪಿಗೆ, ತಲೆ ಮೇಲೆ ಮಣ್ಣಿನ ಮಂಕರಿ ಹೊತ್ತ ಹೆಂಗಸಿನ ಸಿಮೆಂಟು ಪ್ರತಿಮೆಯೊಂದು ಏರಿಯ ಮೇಲೆ ನಿಲ್ಲಬೇಕು. ಅದಕ್ಕೆಂದು ಊರವರು ಕಟ್ಟಿದ ಸಮಿತಿಯ ಅಧ್ಯಕ್ಷ ಈರಬಸಪ್ಪ, "ಎಷ್ಟೆತ್ತರ ಅನ್ನೋದು ನಿನಗೆ ಬಿಟ್ಟಿದ್ದು ಸಾಬಣ್ಣ. ಸೋಮವಾರ ಮಾದರಿ ನೋಡಾಕೆ ಬರ್ತೀವಿ. ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಹೊರಗಿನ ಶಿಲ್ಪೀನ ಕರೆಸ್ತೀವಿ" ಎಂದಿದ್ದ.

ಎತ್ತರ ಅವನಿಗೇ ಬಿಟ್ಟರೆ ಕೇಳಬೇಕೆ? ಹದಿನೆಂಟು ಅಡಿ ಎಂದುಬಿಟ್ಟ ಲಾಲ್ ಸಾಬ್. ಬಸ್ಸಿನಲ್ಲಿ ಹೋಗುವವರಿಗೂ ಕಾಣಬೇಕು, ಯಾರು ಮಾಡಿದ್ದು ಅಂತ ಅವರು ಕೇಳಬೇಕು.

ಹೆಂಡತಿ ಇಮಾಂಬೀ, "ಮೊದ್ಲು ಕಾಗದದಾಗೆ ಕಟ್ಟಿ ನಿಲ್ಸಿ ನೋಡ್ರಿ. ತಾಬೂತು ಮಾಡಾವಾಗ ಓಣಿ ಅಳತೆ ತಗಳ್ಳಲ್ವಾ?" ಎಂದಳು. ಆ ಮಾತು ಸರಿಯೇ. ತಾಬೂತು ಎಷ್ಟು ಚೆಂದವಿದ್ದರೂ ಓಣಿಯಲ್ಲಿ ತೂರದಿದ್ದರೆ ದಂಡ.

ಬಿದಿರು, ಕಾಗದದ ಹದಿನೆಂಟು ಅಡಿ ಹೆಣ್ಣಾಳನ್ನು ಏರಿಯ ಮೇಲೆ ನಿಲ್ಲಿಸಿ ಲಾಲ್ ಸಾಬ್ ಬಸ್ಸಿನ ರಸ್ತೆಗೆ ಓಡಿದ. ತಿರುಗಿ ನೋಡಿದರೆ, ಯಾ ಅಲ್ಲಾ! ಹಿಂದೆ ಬೆಟ್ಟದ ಬಂಡೆಗಳು ಒಂದರ ಮೇಲೊಂದು ಏರಿ ಕುಳಿತಿವೆ. ಅವುಗಳ ಮುಂದೆ ಇವಳು ಹೊಲದ ಬೆದರುಗೊಂಬೆ. ಹತ್ತಿರ ಬಂದರೆ ಮುಖವೇ ಕಾಣದು, ಕಣ್ಣೆದುರು ಬರೀ ಮೊಣಕಾಲು. ಮೂವತ್ತಡಿ ಮಾಡಿದರೆ? ಆ ಬೆಟ್ಟದೆದುರು ಮೂವತ್ತೂ ಅಷ್ಟೇ, ಅರವತ್ತೂ ಅಷ್ಟೇ. ಸೋಮವಾರಕ್ಕೆ ಇನ್ನು ಎರಡೇ ದಿನ.

ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾಗ ದ್ಯಾಮಮ್ಮ ಬಂದಳು. ಆ ಏರಿಗೆ ಮಣ್ಣು ಹೊತ್ತವರಲ್ಲಿ ಅವಳೂ ಒಬ್ಬಳು. ಈಗ ಅವಳ ತಲೆಯ ಮೇಲೆ ಗೊಬ್ಬರದ ಮಂಕರಿ.

"ಸಾಬಣ್ಣ, ಒಂದೀಟು ಕೈ ಹಚ್ಚಪ್ಪ."

ಹೊರೆ ಹೊತ್ತವರು ಹಾಗೆ ಕರೆದರೆ ಯಾರಾದರೂ ಸರಿ, ಎದ್ದು ಇಳಿಸಿಕೊಡಬೇಕು. ಆ ಸೀಮೆಯಲ್ಲಿ ಅದೇ ರೂಢಿ. ಲಾಲ್ ಸಾಬ್ ಎದ್ದು ಮಂಕರಿ ಇಳಿಸಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಕತ್ತೆತ್ತಿ ಕಾಗದದ ಹೆಂಗಸನ್ನು ನೋಡಿ ನಕ್ಕಳು.

"ಇದೇನಣ್ಣ, ನಾವು ಇಷ್ಟುದ್ದ ಇದ್ವಾ? ಪಾಪ, ಇವಳ ಮಂಕರಿ ಇಳ್ಸಾಕೆ ಯಾರ ಕೈ ಎಟುಕ್ತೈತೆ? ಹೊತ್ಕಂಡೇ ಸಾಯ್ಬೇಕು."

ಲಾಲ್ ಸಾಬ್ ಬಿದಿರು ಕಟ್ಟಿ ಉಳಿದಿದ್ದ ದಾರ ಕೈಗೆತ್ತಿಕೊಂಡ. ಆಮೇಲೆ, "ಇನ್ನೊಂದ್ಸಲ ಹೊತ್ಕಳಕ್ಕ" ಎಂದ.

"ಥೂ, ನಿನಗೇನು ಹುಚ್ಚಾ?" ಎಂದು ಬೈದುಕೊಂಡೇ ದ್ಯಾಮಮ್ಮ ಹೊತ್ತಳು. ಅವನು ದಾರದಲ್ಲಿ ಅಳತೆ ತೆಗೆದ. ಬಯಲಲ್ಲಿ ಇದ್ದಷ್ಟೇ ಮಾಡಿದರೆ ಕುಗ್ಗಿ ಕಾಣುತ್ತದೆಂದು ಒಂದು ಗೇಣು ಸೇರಿಸಿದ. ಕೆಳಗೆ ಕಟ್ಟೆಯೂ ಬೇಡ, ನೆಲದ ಮೇಲೇ ನಿಲ್ಲಲಿ.

ಅದೇ ಬಿದಿರಿನಲ್ಲಿ ಹೊಸಬಳನ್ನು ಕಟ್ಟಲು ಹದಿನೆಂಟಡಿಯವಳನ್ನು ಬಿಚ್ಚುವಾಗ ಮಾತ್ರ ಅಳು ಬಂತು. ಇನ್ನು ಬಸ್ಸಿನವರಿಗೆ ಕಾಣುವುದಿಲ್ಲ. ಸಮಿತಿ ಒಪ್ಪದಿದ್ದರೆ ಕೆಲಸವೂ ಹೋಯಿತು.

ಸೋಮವಾರ ಈರಬಸಪ್ಪ ಬಂದವನೇ ಮುಖ ಗಂಟಿಕ್ಕಿದ. "ಏನಪ್ಪ ಇದು? ಅಂಥಾ ಬೆಟ್ಟದ ಮುಂದೆ ಇಷ್ಟೇ ಇಷ್ಟಾ?"

"ಬೆಟ್ಟದ ಜೊತೆ ಪೈಪೋಟಿ ಬ್ಯಾಡ ಸ್ವಾಮಿ. ಹತ್ರ ಬರ್ರಿ" ಎಂದ ಲಾಲ್ ಸಾಬ್.

ಈರಬಸಪ್ಪ ಹತ್ತಿರ ಬಂದ. ಹೆಣ್ಣಾಳಿನ ಕಣ್ಣು ಅವನ ಕಣ್ಣಿಗಿಂತ ತುಸುವೇ ಮೇಲಿತ್ತು. ಹೊರೆಯ ಭಾರಕ್ಕೆ ಕತ್ತು ಬಿಗಿದಿತ್ತು. ಅವಳ ಹೆಗಲಾಚೆ ಬೆಟ್ಟ ಎಂದೂ ಇಲ್ಲದಷ್ಟು ದೊಡ್ಡದಾಗಿ ಕಂಡಿತು. ಅವನ ಎರಡೂ ಕೈ ತಾವಾಗಿಯೇ ಮೇಲೆದ್ದು ಮಂಕರಿಯ ಅಂಚು ಹಿಡಿದವು. ಕಾಗದವೆಂದು ನೆನಪಾಗಿ ಗಡಬಡಿಸಿ ಬಿಟ್ಟ. ಸಮಿತಿಯವರು ಗೊಳ್ಳೆಂದು ನಕ್ಕರು.

"ನಗ್ರಿ, ನಗ್ರಿ" ಎಂದ ಈರಬಸಪ್ಪ. "ನಮ್ಮವ್ವನೂ ಹಿಂಗೇ ಹೊತ್ತು ಬರ್ತಿದ್ಲು. ಸಿಮೆಂಟು ಯಾವತ್ತು ಕಳಿಸ್ಲಿ ಸಾಬಣ್ಣ?"

ಲಾಲ್ ಸಾಬ್ ಬಾಯಿ ತೆರೆಯುವುದರೊಳಗೆ ಇಮಾಂಬೀ ಮುಂದೆ ಬಂದು, "ನಾಳೇನೇ ಕಳಿಸ್ರಿ ಅಣ್ಣಾ. ಅಲ್ಲೀತಂಕ ಇವ್ರು ಊಟ ಮಾಡಾಕಿಲ್ಲ" ಎಂದಳು.