ಮೇಜಿನ ಎಡತುದಿಯ ಜಾಯ್‌ಸ್ಟಿಕ್

ಬುಧವಾರ ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಹೊಸ ಜಾಯ್‌ಸ್ಟಿಕ್ ಮನೆಗೆ ಬಂತು. ಒಂದೂವರೆಗೆ ನನ್ನನ್ನು ಮೇಜಿನ ನಡುವಿನಿಂದ ಎತ್ತಿ ಎಡತುದಿಗೆ ಇಟ್ಟರು. ಹತ್ತು ವರ್ಷದ ಜಾಗ ಹೋಗುವುದಕ್ಕೆ ಹತ್ತು ನಿಮಿಷ ಸಾಕಾಯಿತು.

ನಾನೂ ಒಂದು ಜಾಯ್‌ಸ್ಟಿಕ್. ಕಂಪ್ಯೂಟರಿನೊಳಗಿನ ವಿಮಾನವನ್ನು ಹಾರಿಸಲು ಕೈಯಲ್ಲಿ ಹಿಡಿಯುವ ಕೋಲು. ಹುಟ್ಟಿದ್ದು ಚೀನಾದ ಒಂದು ಕಾರ್ಖಾನೆಯಲ್ಲಿ, ಹದಿನಾರು ವರ್ಷದ ಹಿಂದೆ. ಮೈಮೇಲೆ ಹನ್ನೆರಡು ಗುಂಡಿಗಳು, ತೋರುಬೆರಳಿಗೆ ಬಂದೂಕಿನದರಂಥ ಒಂದು ಕುದುರೆ, ಬುಡದಲ್ಲಿ ಒಂದು ಕೆಂಪು ದೀಪ. ಒಳಗೆ ಎರಡು ಪುಟ್ಟ ಕರಿ ಬಿಲ್ಲೆಗಳಿವೆ. ಒಂದು ಎಡಬಲದ ಓಲಾಟವನ್ನು ಅಳೆಯುತ್ತದೆ, ಇನ್ನೊಂದು ಹಿಂದುಮುಂದಿನದನ್ನು. ಹಳೆಯ ರೇಡಿಯೋದಲ್ಲಿ ಸದ್ದು ಹೆಚ್ಚುಕಡಿಮೆ ಮಾಡುವ ತಿರುಗಣೆಯೊಳಗೆ ಇರುವುದೂ ಇದೇ ಸಾಮಾನು. ತಿಕ್ಕಿ ತಿಕ್ಕಿ ಅದು ಸವೆದಾಗ ರೇಡಿಯೋ ಗರಗರ ಅನ್ನುತ್ತದೆ. ನನ್ನ ಬಿಲ್ಲೆ ಸವೆದಾಗ ವಿಮಾನ ನಡುಗುತ್ತದೆ.

ಮೊದಲ ಆರು ವರ್ಷ ಹುಬ್ಬಳ್ಳಿಯ ಒಂದು ನೆಟ್ ಕೆಫೆಯಲ್ಲಿ ದುಡಿದೆ. ಮಿರ್ಚಿ ಭಜಿ ತಿಂದ ಕೈಗಳೇ ಹೆಚ್ಚು. ಬಂದವರಿಗೆಲ್ಲ ಗುಂಡು ಹಾರಿಸುವುದೊಂದೇ ಗೊತ್ತು, ಹಾರಾಟ ಬೇಕಿರಲಿಲ್ಲ. ಏಳನೇ ಗುಂಡಿ ಅಲ್ಲೇ ಮುರಿಯಿತು. ಮುಂದೆ ಕೆಫೆಯಲ್ಲಿ ಮೊಬೈಲ್ ಮಾರಾಟ ಶುರುವಾಯಿತು. ಮಾಲೀಕ ತನ್ನ ನಿಂತ ಗೋಡೆ ಗಡಿಯಾರವನ್ನು ರಿಪೇರಿಗೆ ಒಯ್ಯುವಾಗ ನನ್ನನ್ನೂ ಅದೇ ಚೀಲಕ್ಕೆ ಹಾಕಿದ.

"ಇದನ್ನೂ ಇಟ್ಕೊಳ್ರಿ ಪತ್ತಾರ್ರ. ನೀವು ರಿಪೇರಿ ಮಂದಿ, ಏನರ ಮಾಡ್ಕೊಳ್ರಿ," ಅಂದ.

ಹೀಗೆ ನಾನು ಮೌನೇಶ ಪತ್ತಾರರ ಕೈಸೇರಿದೆ. ದುರ್ಗದಬೈಲಿನ ಒಂದು ಓಣಿಯಲ್ಲಿ ಅವರ ಗಡಿಯಾರ ರಿಪೇರಿ ಅಂಗಡಿ, ಮೇಲಿನ ಅಂತಸ್ತಿನಲ್ಲಿ ಮನೆ. ಆಗ ಅವರಿಗೆ ನಲವತ್ತಾರು. ಮೊದಲ ದಿನವೇ ಬಿಳಿ ಬಟ್ಟೆ ಹಾಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನನ್ನ ಬುಡದ ಒಂಬತ್ತು ತಿರುಪು ಬಿಚ್ಚಿದರು. ಬಿಚ್ಚಿದ ಸಾಲಿನಲ್ಲೇ ಅವುಗಳನ್ನು ತಟ್ಟೆಯಲ್ಲಿಟ್ಟರು. ಆರು ವರ್ಷದ ಎಣ್ಣೆ ಜಿಡ್ಡನ್ನು ಬ್ರಷ್ಷಿನಿಂದ ತೊಳೆದರು. ನನ್ನನ್ನು ಅಷ್ಟು ಮೆತ್ತಗೆ ಮುಟ್ಟಿದವರು ಅದುವರೆಗೆ ಯಾರೂ ಇರಲಿಲ್ಲ.

ಅವರು ಹಾರಿಸುತ್ತಿದ್ದುದು ಯುದ್ಧವಿಮಾನಗಳನ್ನು. ಆಟದ ಹೆಸರಿನಲ್ಲಿ ಕಣ್ಣುಕಟ್ಟು ಮಾಡುವ ವಿಮಾನಗಳಲ್ಲ ಅವು. ಬ್ಯಾಟರಿ, ಇಂಧನ ಪಂಪು, ಎಂಜಿನ್, ದಿಕ್ಸೂಚಿ, ಒಂದೊಂದನ್ನೂ ಕ್ರಮವಾಗಿ ಚಾಲೂ ಮಾಡಬೇಕು. ನೆಲ ಬಿಡಲು ಹನ್ನೊಂದು ನಿಮಿಷ ಬೇಕು.

"ನಮ್ಮ ಮಿಕ್ಸರ್ ನೋಡ್ರಿ, ಒಂದ ಬಟನ್," ಅನ್ನುತ್ತಿದ್ದರು ಅವರ ಹೆಂಡತಿ ಕಮಲಾಕ್ಷಿ.

ಪತ್ತಾರರಿಗೆ ಹಾರಾಟದಷ್ಟೇ ಇಷ್ಟ ಅದರ ರಿಪೇರಿ. ಹೊಸ ಅಪ್‌ಡೇಟ್ ಬಂದು ಗುಂಡಿಗಳ ಜೋಡಣೆಯೆಲ್ಲ ಕಲೆಸಿಹೋದರೆ ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನೋಟ್‌ಬುಕ್ ತೆರೆದು, ಏನು ಕೆಟ್ಟಿತು, ಯಾವುದನ್ನು ಬದಲಿಸಿದಾಗ ಸರಿಹೋಯಿತು ಎಂದು ತಾರೀಕು ಹಾಕಿ ಬರೆಯುತ್ತಿದ್ದರು. ಬದಲಿಸುವುದು ಒಂದು ಸಲಕ್ಕೆ ಒಂದನ್ನೇ. ನನ್ನ ಬಿಲ್ಲೆಗಳನ್ನು ಮೂರು ಸಲ ತೊಳೆದರು. ಮೂರನೆಯ ಸಲ ತೊಳೆಯಲು ಅಲ್ಲಿ ಕೊಳೆಯಿರಲಿಲ್ಲ, ಬಿಲ್ಲೆಯೇ ಸವೆದಿತ್ತು. ಆಗ ಅವರು ಕಂಪ್ಯೂಟರಿಗೆ ಒಂದು ಸೂಚನೆ ಕೊಟ್ಟರು: ಇದು ನಡುವಿನಲ್ಲಿ ಸ್ವಲ್ಪ ಅಲುಗಿದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ನನ್ನ ನಡುಕ ಮುಚ್ಚಿಹೋಯಿತು. ಅದರ ಜೊತೆಗೆ ನನ್ನ ಸೂಕ್ಷ್ಮವೂ ಹೋಯಿತು.

ಸೂಕ್ಷ್ಮ ಬೇಕಾದದ್ದು ಇಂಧನ ತುಂಬಿಸಿಕೊಳ್ಳುವಾಗ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪತ್ತಾರರೂ ಸೇರಿ ಆರು ಜನರ ತಂಡವೊಂದು ಬೇರೆ ಬೇರೆ ಊರುಗಳಿಂದ ಇಂಟರ್ನೆಟ್ಟಿನಲ್ಲಿ ಕೂಡಿ ಹಾರುತ್ತಿತ್ತು. ದೀಪಾವಳಿಗೆ ನಾಲ್ಕು ತಾಸಿನ ದೊಡ್ಡ ಹಾರಾಟ. ಅದಕ್ಕೆ ಸೇರಬೇಕಾದವರು, ಮುಂದೆ ಹಾರುವ ಟ್ಯಾಂಕರ್ ವಿಮಾನದ ಕೊಳವೆಯ ತುದಿಯಲ್ಲಿರುವ ಬುಟ್ಟಿಗೆ ತಮ್ಮ ವಿಮಾನದ ಮೂತಿ ಸೇರಿಸಿ ಎರಡು ನಿಮಿಷ ಕದಲದೆ ಹಿಡಿಯಬೇಕು. ಪತ್ತಾರರು ಮೂರು ಭಾನುವಾರ ಬುಟ್ಟಿ ತಪ್ಪಿಸಿದರು. ಕೋಲನ್ನು ಕೂದಲೆಳೆಯಷ್ಟು ಸರಿಸಿದರೆ ನಾನು ಏನೂ ಹೇಳುತ್ತಿರಲಿಲ್ಲ. ಇನ್ನೊಂದು ಎಳೆ ಸರಿಸಿದರೆ ಒಮ್ಮೆಲೇ ಜಿಗಿಯುತ್ತಿದ್ದೆ. ತಪ್ಪು ನನ್ನದೇ. ಆ ಕಾರಣಕ್ಕೇ ಹೊಸ ಜಾಯ್‌ಸ್ಟಿಕ್ ಬಂತು.

ಅದರ ಮೈ ಲೋಹದ್ದು. ಒಳಗೆ ತಿಕ್ಕುವ ಭಾಗವೇ ಇಲ್ಲ. ಅಯಸ್ಕಾಂತ ತಿರುಗುತ್ತದೆ, ಎದುರಿನ ಚಿಪ್ ಅದನ್ನು ಮುಟ್ಟದೆ ಓದುತ್ತದೆ. ಸವೆಯುವ ಪ್ರಶ್ನೆಯಿಲ್ಲ, ಅಂದರೆ ಮುದಿಯಾಗುವ ಪ್ರಶ್ನೆಯಿಲ್ಲ. ಇದನ್ನು ಪತ್ತಾರರೇ ಕಮಲಾಕ್ಷಿಯವರಿಗೆ ವಿವರಿಸಿದರು. ನಾನು ಒಂದು ಮೊಳ ದೂರದಲ್ಲಿದ್ದೆ.

ಕಮಲಾಕ್ಷಿ ನನ್ನ ಕಡೆ ನೋಡಿ ನಕ್ಕರು. "ಸವತಿ ಬಂದ್ಳಲ್ಲಽ ನಿನಗ. ಹತ್ತು ವರ್ಷ ನಾ ಹೆಂಗ ಇದ್ದೆ, ಈಗ ತಿಳೀತೇನು?"

ತಿಳಿಯಿತು.

ನನ್ನನ್ನು ಅಟ್ಟಕ್ಕೆ ಹಾಕುತ್ತಾರೆ ಅಂದುಕೊಂಡಿದ್ದೆ. ಹಾಕಲಿಲ್ಲ. ಪತ್ತಾರರ ಕಸುಬಿನಲ್ಲಿ ಒಂದು ಪದ್ಧತಿಯಿದೆ. ರಿಪೇರಿಯಾದ ಗಡಿಯಾರವನ್ನು ಅವರು ಕೂಡಲೇ ಕೊಡುವುದಿಲ್ಲ. ತಮ್ಮ ತಂದೆಯ ಹಳೆಯ ಟೈಮ್‌ಪೀಸಿನ ಪಕ್ಕದಲ್ಲಿ ಮೂರು ದಿನ ನಡೆಸಿ ತಾಳೆ ನೋಡುತ್ತಾರೆ. ಹೊಸ ಗಡಿಯಾರಕ್ಕೂ ಅದೇ ನಿಯಮ. ಜಾಯ್‌ಸ್ಟಿಕ್ಕಿಗೂ ಅದನ್ನೇ ಮಾಡಿದರು. ಹಳೆಯ ಸೂಚನೆಗಳನ್ನೆಲ್ಲ ಅಳಿಸಿ, ಹೊಸದನ್ನು ಸಿಕ್ಕಿಸಿ, ನನ್ನ ವಯರನ್ನೂ ತೆಗೆಯದೆ ಬಿಟ್ಟರು.

"ಮೂರು ದಿನ ಎರಡೂ ಇರಲಿ," ಅಂದರು.

ಕಂಪ್ಯೂಟರಿಗೆ ಗಡಿಯಾರದವರ ಪದ್ಧತಿ ಗೊತ್ತಿಲ್ಲ. ಎರಡು ಕೋಲು ಕಂಡಿತು, ಎರಡಕ್ಕೂ ಅದೇ ವಿಮಾನವನ್ನು ಕೊಟ್ಟಿತು. ನನ್ನ ನಡುಕವನ್ನು ಮುಚ್ಚಿದ್ದ ಸೂಚನೆ ಅಳಿಸಿಹೋಗಿತ್ತು. ನನ್ನ ಕೆಂಪು ದೀಪ ಉರಿಯುತ್ತಲೇ ಇತ್ತು.

ಗುರುವಾರ ಬೆಳಿಗ್ಗೆ ಆರಕ್ಕೆ ಅವರು ಹೊಸದನ್ನು ಹಿಡಿದರು. ಆ ಬೆರಳುಗಳು ನನ್ನ ಮೇಲೆ ಕೂರುತ್ತಿದ್ದ ಹಾಗೆಯೇ ಅದರ ಮೇಲೂ ಕೂತವು. ತೋರುಬೆರಳು ಕುದುರೆಯ ಮೇಲೆ ಹಗುರಾಗಿ, ಕಿರುಬೆರಳು ಹೊರಗೆ. ವಿಮಾನ ಮೇಲೇರಿತು. ಟ್ಯಾಂಕರ್ ಸಮೀಪಿಸಿತು. ಆಗ ವಿಮಾನ ಸಣ್ಣಗೆ ನಡುಗಿ ಎಡಕ್ಕೆ ವಾಲಿತು. ಸರಿಪಡಿಸಿದರು. ಮತ್ತೆ ನಡುಗಿತು. ಬುಟ್ಟಿ ಮೂತಿಯ ಪಕ್ಕದಿಂದ ಜಾರಿಹೋಯಿತು.

ನಡುಗಿಸಿದ್ದು ನಾನು. ಬೇಕೆಂದು ಮಾಡಿದ್ದಲ್ಲ, ಸವೆದ ಬಿಲ್ಲೆಗೆ ಸುಮ್ಮನಿರಲು ಬರುವುದಿಲ್ಲ. ಆದರೆ ನಿಲ್ಲಲಿ ಎಂದು ಬಯಸಲಿಲ್ಲ ಎಂಬುದೂ ನಿಜ. ಹೊಸದರ ಮೈಯ ಹೊಳಪು, ಅದರ ಅಯಸ್ಕಾಂತ ಎಲ್ಲ ಇದ್ದೂ ವಿಮಾನ ಕುಡಿದವನ ಹಾಗೆ ಓಲಾಡುತ್ತಿತ್ತು. ಇನ್ನೆರಡು ದಿನ ಹೀಗೆ ಹೋದರೆ ಅದು ಬಂದ ಪೆಟ್ಟಿಗೆಯಲ್ಲೇ ವಾಪಸು ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಪೆಟ್ಟಿಗೆ ಇನ್ನೂ ಮಂಚದ ಕೆಳಗೇ ಇತ್ತು.

ಶುಕ್ರವಾರ ಅವರು ಹೊಸದರ ಚುರುಕನ್ನು ಕಡಿಮೆ ಮಾಡಿದರು. ನಡುಕ ಹೋಗಲಿಲ್ಲ. ಬೇರೆ ವಿಮಾನ ಹಾರಿಸಿದರು. ಅದೂ ನಡುಗಿತು. ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದರು. ನಾನು ಕಾಯುತ್ತಿದ್ದೆ, ಈಗ ಅದನ್ನು ಬೈಯುತ್ತಾರೆ ಎಂದು.

ಅವರು ಅದನ್ನು ಬೈಯಲಿಲ್ಲ. ಶನಿವಾರ ಊಟವಾದ ಮೇಲೆ ಬಂದು ಕೂತು, ಬಲಗೈಯನ್ನು ಮುಂದೆ ಚಾಚಿ, ಅಂಗೈಯ ಹಿಂಬದಿಯ ಮೇಲೆ ದಿನಪತ್ರಿಕೆಯ ಒಂದು ಹಾಳೆ ಇಟ್ಟುಕೊಂಡರು. ಹಾಳೆಯ ಅಂಚು ಪಟಪಟ ಅಲುಗಿತು. ಬಹಳ ಹೊತ್ತು ಅದನ್ನೇ ನೋಡಿದರು. ತಲೆಯ ಮೇಲೆ ಪಂಖಾ ತಿರುಗುತ್ತಿತ್ತು. ಗಡಿಯಾರದ ಚಕ್ರದ ಹಲ್ಲಿನಲ್ಲಿ ಸಿಕ್ಕ ನೂಲಿನೆಳೆಯನ್ನೂ ಕಾಣುವ ಮನುಷ್ಯನಿಗೆ ಅವತ್ತು ಪಂಖಾ ಕಾಣಲಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದರು: "ಹೊಸದು ಸೂಕ್ಷ್ಮ ಇದೆ. ಹಳೆಯದು ಕೈ ನಡುಕ ಮುಚ್ಚಿಟ್ಟಿತ್ತು."

ನನಗೆ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು, ಹೇಳಲು ನಾಚಿಕೆಯಿಲ್ಲ. ಮೂರು ದಿನದ ಪರಿಚಯದ ಮೇಲೆ ಆ ಲೋಹದ ಕೋಲನ್ನು ಅವರು ಎಷ್ಟು ನಂಬಿದ್ದರೆಂದರೆ, ಅದರ ಬದಲು ಮೂವತ್ತೈದು ವರ್ಷ ಕೆಲಸ ಮಾಡಿದ ತಮ್ಮ ಕೈಯನ್ನೇ ತಪ್ಪಿತಸ್ಥ ಮಾಡಿದ್ದರು.

ನಂತರ ಅವರು ಕೆಳಗಿಳಿದು ಹೋಗಿ, ಅಂಗಡಿಯಿಂದ ಒಂದು ಪುಟ್ಟ ಕೈಗಡಿಯಾರ ತಂದು ಹೆಂಡತಿಯ ಮುಂದೆ ಹಿಡಿದರು. ಕಮಲಾಕ್ಷಿಯವರದೇ, ತವರಿನವರು ಮದುವೆಯಲ್ಲಿ ಕೊಟ್ಟದ್ದು. ಬೆರಳಿನ ಉಗುರಿನಷ್ಟು ದೊಡ್ಡದು. ಹದಿನೈದು ದಿನದಿಂದ ನಿಂತಿತ್ತು.

"ಇದನ್ನ ಸ್ಟೇಷನ್ ರೋಡಿನಾಗ ಯಾರಿಗರ ರಿಪೇರಿಗೆ ಕೊಡು," ಅಂದರು.

"ಯಾಕ್ರಿ?"

"ಭಾಳ ಸಣ್ಣದೈತಿ."

"ಸಣ್ಣದೈತಿ ಅಂತನಽ ನಿಮಗ ಕೊಟ್ಟೀನಿ. ದೊಡ್ಡದಿದ್ರ ನಾನಽ ಬಿಚ್ತಿದ್ದೆ."

ಅವರು ನಗಲಿಲ್ಲ. ಕಮಲಾಕ್ಷಿ ಅವರ ಮುಖ ನೋಡಿದರು, ಗಡಿಯಾರ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಇಲ್ಲಿಗೆ ನನ್ನ ಸಂತೋಷ ಮುಗಿಯಿತು. ಗಡಿಯಾರದವನ ಕೈ ನಡುಗಿದರೆ ಕೆಳಗಿನ ಅಂಗಡಿ ಮುಚ್ಚಬೇಕು. ಅದು ನಡುಗುತ್ತಿಲ್ಲ ಎಂದು ಗೊತ್ತಿದ್ದದ್ದು ಇಡೀ ಮನೆಯಲ್ಲಿ ನನಗೆ ಮಾತ್ರ. ನನಗೆ ಹನ್ನೆರಡು ಗುಂಡಿ ಇವೆ, ಬಾಯಿಲ್ಲ.

ಭಾನುವಾರ ಹತ್ತಕ್ಕೆ ಕೊನೆಯ ಪರೀಕ್ಷೆ. ಸಾಕ್ಷಿಯಾಗಿ ಪಕ್ಕದಲ್ಲಿ ಹಾರುತ್ತಿದ್ದವರು ತಂಡದ ಫ್ಲೇವಿಯಾ ಮಥಾಯಸ್, ಕುಂದಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ಅವರ ಧ್ವನಿ ಸ್ಪೀಕರಿನಲ್ಲಿ ಬರುತ್ತಿತ್ತು. ಪತ್ತಾರರು ಎರಡು ಸಲ ಬುಟ್ಟಿ ತಪ್ಪಿಸಿದರು. ಮೂರನೆಯ ಸಲ ಹತ್ತಿರ ಹೋಗದೆ ಹಿಂದೆ ಸರಿದರು.

"ಮೇಡಂ, ದೀಪಾವಳಿಗೆ ನನ್ನ ಹೆಸರು ತಗದಬಿಡ್ರಿ," ಅಂದರು. "ನನ್ನ ಕೈ ನಡಗಾಕತ್ತೈತ್ರಿ."

"ಯಾವಾಗಿಂದ?"

"ಗುರುವಾರದಿಂದ ಕಾಣಾಕತ್ತೈತಿ."

"ಹೊಸ ಜಾಯ್‌ಸ್ಟಿಕ್ ಯಾವತ್ತು ಬಂದದ್ದು?"

"ಬುಧವಾರ. ಅದರದೇನೂ ತಪ್ಪಿಲ್ರಿ. ಅದು ಭಾಳ ಸೂಕ್ಷ್ಮ ಐತಿ, ಇದ್ದದ್ದನ್ನ ತೋರಸಾಕತ್ತೈತಿ."

ಕಮಲಾಕ್ಷಿ ಚಹಾದ ಕಪ್ಪು-ಬಶಿ ತಂದು ಗಂಡನ ಪಕ್ಕಕ್ಕೆ ಇಟ್ಟು ಅಲ್ಲೇ ನಿಂತರು.

"ಪತ್ತಾರ್ರೇ, ಒಂದು ಕೆಲಸ ಮಾಡುವ," ಅಂದರು ಫ್ಲೇವಿಯಾ. "ಕಂಟ್ರೋಲ್ ಪುಟ ತೆರೀರಿ. ಕೋಲಿನಿಂದ ಕೈ ತೆಗೀರಿ. ತೆಗೆದ್ರಾ? ಈಗ ಕೈ ಎಲ್ಲಿ ಉಂಟು?"

"ಒಂದರಾಗ ಚಾ ಕಪ್ ಐತ್ರಿ, ಒಂದರಾಗ ಬಶಿ."

"ಚಾ ತುಳುಕ್ತದಾ?"

ಅವರು ಕಪ್ಪಿನೊಳಗೆ ನೋಡಿದರು. ಅಂಚಿನವರೆಗೆ ತುಂಬಿದ್ದ ಚಹಾದ ಮೇಲೆ ಕೆನೆ ಹಾಗೇ ನಿಂತಿತ್ತು.

"ಇಲ್ರಿ."

"ಪರದೆ ಮೇಲಿನ ಚುಕ್ಕಿ?"

ಪರದೆಯ ಮೇಲೆ, ಕೋಲಿನ ಸ್ಥಾನ ತೋರಿಸುವ ಬಿಳಿ ಚುಕ್ಕಿ ಸಣ್ಣಗೆ ನಡುಗುತ್ತ ಎಡಕ್ಕೆ ಜಾರುತ್ತಿತ್ತು.

"ಅಲಗಾಡಾಕತ್ತೈತಿ," ಅಂದರು ಪತ್ತಾರರು, ಬಹಳ ನಿಧಾನವಾಗಿ.

"ಹಾಗಾದ್ರೆ ಅದು ಯಾರ ಕೈ ಮಾರಾಯ್ರೆ? ಬೇರೆ ಎಂತ ಸಿಕ್ಕಿಸಿ ಇಟ್ಟಿದ್ದೀರಿ ಅಲ್ಲಿ?"

ಪತ್ತಾರರು ಎಡಕ್ಕೆ ತಿರುಗಿದರು. ನಾಲ್ಕು ದಿನದಲ್ಲಿ ಮೊದಲ ಸಲ ನನ್ನನ್ನು ನೋಡಿದರು. ನನ್ನ ಕೆಂಪು ದೀಪ ಉರಿಯುತ್ತಿತ್ತು.

"ಹಳೇದು ಐತ್ರಿ. ತಾಳೆ ನೋಡಾಕ ಇಟ್ಟಿದ್ದೆ. ನಿನ್ನೆಗೇ ತಗೀಬೇಕಿತ್ತು, ತಲಿಯಾಗ ಇರಲಿಲ್ಲ."

ಫ್ಲೇವಿಯಾ ಗೊಳ್ಳೆಂದು ನಕ್ಕರು. "ಅದು ಗಡಿಯಾರ ಅಲ್ಲ ಪತ್ತಾರ್ರೇ. ಎರಡು ಗಡಿಯಾರ ಒಟ್ಟಿಗೆ ಇಟ್ರೆ ಒಂದು ಇನ್ನೊಂದರ ಮುಳ್ಳು ತಿರುಗಿಸುದಿಲ್ಲ. ಇಲ್ಲಿ ಇಬ್ರೂ ಒಂದೇ ವಿಮಾನ ಹಿಡ್ಕೊಂಡು ಎಳೀತಾ ಇದ್ದಾರೆ."

"ಅಂದ್ರ ಇವರ ಕೈಗೆ ಏನೂ ಆಗಿಲ್ಲೇನ್ರಿ?" ಎಂದು ಕಮಲಾಕ್ಷಿ ಸ್ಪೀಕರನ್ನೇ ಕೇಳಿದರು.

"ಕೈಗೆ ಎಂತದೂ ಆಗ್ಲಿಲ್ಲ ಅಕ್ಕ."

ಪತ್ತಾರರು ಕಪ್ಪನ್ನು ಬಶಿಯ ಮೇಲೆ ಇಟ್ಟರು. ಸದ್ದಾಗಲಿಲ್ಲ. ಆಮೇಲೆ ನನ್ನ ವಯರಿನ ತುದಿ ಹಿಡಿದು ಎಳೆದರು. ದೀಪ ಆರಿತು. ಪರದೆಯ ಚುಕ್ಕಿ ನಡುವಿಗೆ ಬಂದು ನಿಂತಿತು, ಮೊಳೆ ಹೊಡೆದ ಹಾಗೆ.

"ನೀನೇನಽ?" ಎಂದರು ನನಗೆ. ಬೈದದ್ದಲ್ಲ. ಹತ್ತು ವರ್ಷದಲ್ಲಿ ಅವರು ನನ್ನೊಡನೆ ಆಡಿದ ಮಾತು ಅದೊಂದೇ.

ಹತ್ತೂ ನಲವತ್ತಕ್ಕೆ ಅವರು ಮತ್ತೆ ಟ್ಯಾಂಕರಿನ ಹಿಂದೆ ಹೋದರು. ಮೂತಿ ಬುಟ್ಟಿಗೆ ಸೇರಿತು. ಫ್ಲೇವಿಯಾ ಸೆಕೆಂಡು ಎಣಿಸಿದರು. ಲೋಹದ ಕೋಲಿನ ಮೇಲೆ ಐದು ಬೆರಳು ಉಸಿರಾಡುವಷ್ಟೇ ಅಲುಗುತ್ತಿದ್ದವು, ಆ ಅಲುಗಾಟವೆಲ್ಲ ವಿಮಾನಕ್ಕೆ ತಿಳಿಯುತ್ತಿತ್ತು. ಎರಡು ನಿಮಿಷ ಹನ್ನೊಂದು ಸೆಕೆಂಡು ಹಿಡಿದರು. ಆ ಹೊತ್ತಿನಲ್ಲಿ ಅವರು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನನ್ನ ಕೈಲಿ ಆಗದ್ದನ್ನು ಅದು ಮಾಡಿತು. ಒಪ್ಪುತ್ತೇನೆ. ಒಪ್ಪಿದ ಮೇಲೂ ಉರಿ ಆರುವುದಿಲ್ಲ, ಅದೊಂದನ್ನು ಈ ವಯಸ್ಸಿನಲ್ಲಿ ಕಲಿತೆ.

ಈಗ ನಾನಿರುವುದು ಕೆಳಗಿನ ಅಂಗಡಿಯಲ್ಲಿ, ಗಾಜಿನ ಕಪಾಟಿನ ಮೇಲಿನ ಹಲಗೆಯಲ್ಲಿ, ಬಿಡಿಭಾಗಕ್ಕೆಂದು ಉಳಿಸಿಕೊಂಡ ಮೂರು ಅಲಾರಂ ಗಡಿಯಾರಗಳ ಪಕ್ಕ. ಮೇಲಿನ ಕೋಣೆ ಇಲ್ಲಿಂದ ಕಾಣುವುದಿಲ್ಲ, ಕೇಳುತ್ತದೆ. ಭಾನುವಾರ ಹತ್ತಕ್ಕೆ ಕುರ್ಚಿ ಎಳೆದ ಸದ್ದು, ಹನ್ನೊಂದು ನಿಮಿಷದ ಮೇಲೆ ಎಂಜಿನ್ನಿನ ಸದ್ದು. ಆಗ ಹೊಸದನ್ನು ಹಿಡಿದ ಕೈ ನನ್ನ ಕಣ್ಣಿಗೆ ಕಟ್ಟುತ್ತದೆ. ಉಳಿದ ಆರು ದಿನ ಆ ಕೈ ನನ್ನ ಎದುರಿಗೇ ಇರುತ್ತದೆ. ಅದನ್ನು ನೋಡುವ ಭಾಗ್ಯ ಮೇಲಿನದಕ್ಕಿಲ್ಲ.

ಪರೀಕ್ಷೆಯ ಮರುದಿನ, ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಪತ್ತಾರರು ಕಮಲಾಕ್ಷಿಯವರು ಮರಳಿ ತಂದಿಟ್ಟ ಪುಟ್ಟ ಗಡಿಯಾರದ ಹಿಂಬದಿಯ ಮುಚ್ಚಳ ತೆಗೆದರು. ಮೂರು ದಿನ ಅದನ್ನು ತಂದೆಯ ಟೈಮ್‌ಪೀಸಿನ ಪಕ್ಕದಲ್ಲಿ ನಡೆಸಿದರು. ಗುರುವಾರ ಹೆಂಡತಿಯ ಕೈಗೆ ಕಟ್ಟುವಾಗ ಅದು ಬರೀ ಏಳು ಸೆಕೆಂಡು ಮುಂದಿತ್ತು.