ದೋಣಿತಾತ ಸಾಯುವುದಿಲ್ಲ

"ಬಂತು ನೋಡಲೇ ಸೇತುವೆ," ಎಂದ ತಿಪ್ಪೇರುದ್ರ. "ತಾತ ತೇಲಿದ್ರೆ ನಿನ್ನ ಮೀಸೆ ಉಳೀತು. ತಾತ ಮುಳುಗಿದ್ರೆ ಮೀಸೆನೂ ಮುಳುಗ್ತು. ಹೀರೋಗೆ ಒಂದೇ ಎಂಟ್ರಿ, ಒಂದೇ ಎಕ್ಸಿಟ್!"

ಓಬಳೇಶ್ ಟಿವಿಯ ಮೇಲಿನ ಆಟದಿಂದ ಕಣ್ಣು ತೆಗೆಯಲಿಲ್ಲ. ನ್ಯಾಮತಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ತಿಪ್ಪೇರುದ್ರನ ಮೊಬೈಲ್ ರಿಪೇರಿ ಅಂಗಡಿಯ ಹಿಂದೆ, ಹಳೇ ಬೆಡ್‌ಶೀಟನ್ನು ಪರದೆ ಮಾಡಿ ಮರೆಸಿದ್ದ ಕೋಣೆಯಲ್ಲಿ, ಖಾಕಿ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದ. ಹೊನ್ನಾಳಿ, ನ್ಯಾಮತಿ, ಸವಳಂಗ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್ ಅವನು. ಇವತ್ತು ಈ ಒಂದು ದೃಶ್ಯಕ್ಕಾಗಿಯೇ ಟಿಕೆಟ್ ಬ್ಯಾಗನ್ನು ಇನ್ನೊಬ್ಬನ ಹೆಗಲಿಗೆ ಹಾಕಿ ಬಂದಿದ್ದ. ದಪ್ಪ ಮೀಸೆಯ ಮೇಲೆ ಬೆವರು ಕೂತಿತ್ತು.

ಚಿಕ್ಕವರಿದ್ದಾಗ ಹೊನ್ನಾಳಿಯ ಗೇಮ್ ಸೆಂಟರಿನಲ್ಲಿ ಇಬ್ಬರೂ ಒಂದೇ ಕುರ್ಚಿಯ ಮೇಲೆ ಅರ್ಧರ್ಧ ಕೂತು ಈ ಆಟ ಆಡಿದ್ದರು. ಅದರ ನಿಜವಾದ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಎಲ್ಲರಿಗೂ ಅದು ದೋಣಿ ಗೇಮ್. ನಾಯಕನನ್ನು ಹೊಳೆ ದಾಟಿಸುವ ಒಬ್ಬ ಮುದುಕ ಅದರಲ್ಲಿದ್ದ. ಎಡಗೈಯಲ್ಲಿ ನಾಲ್ಕೇ ಬೆರಳು, ಬಾಯಲ್ಲಿ ಸದಾ ಒಂದೇ ಸಿಳ್ಳೆ. ಸೇತುವೆ ಕುಸಿಯುವಾಗ ಅವನು ನಾಯಕನನ್ನು ದಡಕ್ಕೆ ತಳ್ಳಿ ತಾನು ನೀರಿಗೆ ಬೀಳುತ್ತಾನೆ. ಹೆಣ ಸಿಗುವುದಿಲ್ಲ. ಟೊಪ್ಪಿಗೆ ಮಾತ್ರ ತೇಲಿಕೊಂಡು ಬರುತ್ತದೆ. ಆಟ ಮುಂದಕ್ಕೆ ಹೋಗುತ್ತದೆ.

ಅದೇ ಆಟವನ್ನು ಕಂಪನಿಯವರು ಹೊಸದಾಗಿ ಮಾಡುತ್ತೇವೆಂದು ಸಾರಿದಾಗಿನಿಂದ ಜಗತ್ತಿನ ಮೂಲೆಮೂಲೆಯ ಹುಡುಗರು ಒಂದೇ ಪ್ರಶ್ನೆಗೆ ಗಂಟುಬಿದ್ದಿದ್ದರು. ಈ ಸಲ ದೋಣಿತಾತ ಬದುಕುತ್ತಾನಾ? ಟ್ರೇಲರಿನಲ್ಲಿ ರೆಪ್ಪೆ ಬಡಿಯುವಷ್ಟರಲ್ಲಿ ಮಾಯವಾಗುವ ಒಂದು ಕೈಗೆ ನಾಲ್ಕೇ ಬೆರಳಿವೆ ಎಂದು ಬ್ರೆಜಿಲಿನವನೊಬ್ಬ ಕೆಂಪು ವೃತ್ತ ಹಾಕಿ ತೋರಿಸಿದ. ಕೊನೆಯ ಸಂಗೀತದ ಅಡಿಯಲ್ಲಿ ಸಿಳ್ಳೆ ಕೇಳುತ್ತದೆ ಎಂದ ಇನ್ನೊಬ್ಬ. ನೀರಿಗೆ ಬಿದ್ದವನಿಗೆ ನೆನಪು ಹೋಗಿರುತ್ತದೆ, ಬೇರೆ ಊರಲ್ಲಿ ಬೇರೆ ಹೆಸರಲ್ಲಿ ಇರುತ್ತಾನೆ ಎಂದು ಮತ್ತೊಬ್ಬ ಒಂದು ಗಂಟೆಯ ವಿಡಿಯೋ ಮಾಡಿದ. ಓಬಳೇಶನ ವಾದ ಇವೆಲ್ಲಕ್ಕಿಂತ ಸರಳವಾಗಿತ್ತು. ಬಸ್ಸಿನ ಫುಟ್‌ಬೋರ್ಡಿನಲ್ಲಿ ಜೋತುಬಿದ್ದ ಕಾಲೇಜು ಹುಡುಗರಿಗೆ ಟಿಕೆಟ್ ಹರಿಯುತ್ತಲೇ ಹೇಳುತ್ತಿದ್ದ:

"ಹೆಣ ತೋರ್ಸಿಲ್ಲ ಅಂದ್ಮೇಲೆ ಸತ್ತಿಲ್ಲ. ಟೊಪ್ಪಿಗೆ ತೇಲಿದ್ರೆ ಟೊಪ್ಪಿಗೆ ಹೋತು ಅಂತ ಅರ್ಥ ಕಣ್ರಪ್ಪಾ, ತಲೆ ಹೋತು ಅಂತಲ್ಲ."

ಅವನ ಅಪ್ಪ ಪಾಲಣ್ಣ ಜಗಳೂರು ಕಡೆಯ ಒಣನೆಲದವನು. ಈಜು ಬಾರದ ಮನುಷ್ಯ. ಹೊನ್ನಾಳಿಗೆ ಬಂದು ಹೊಳೆಯಲ್ಲಿ ಮರಳು ಎತ್ತುವ ಕೆಲಸಕ್ಕೆ ಸೇರಿದ್ದ. ಒಂದು ಆಷಾಢದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ತೇಲಿಹೋಗುತ್ತಿದ್ದ ಮರಳಿನ ಪುಟ್ಟಿ ಹಿಡಿಯಲು ಇಳಿದವನು ಹತ್ತಲಿಲ್ಲ. ದಡದಲ್ಲಿ ರಬ್ಬರ್ ಚಪ್ಪಲಿ ಇತ್ತು. ಹೆಣ ಸಿಗಲಿಲ್ಲ. ಆಮೇಲೆ ಹರಿಹರದ ಲಾರಿ ಸ್ಟ್ಯಾಂಡಿನಲ್ಲಿ ಅವನ ಹಾಗೇ ಇರುವ ಒಬ್ಬನನ್ನು ನೋಡಿದೆ ಎಂದು ಒಬ್ಬರು ಬಂದು ಹೇಳಿದರು. ಹೊಸಪೇಟೆ ಕಡೆ ಹೋಟೆಲೊಂದರಲ್ಲಿ ಮಾತಾಡದ ಒಬ್ಬ ಕೆಲಸದವನಿದ್ದಾನೆ, ಕುಡುಗೋಲು ಮೂಗು, ಪಾಲಣ್ಣನದೇ ಎಂದು ಇನ್ನೊಬ್ಬರು. ಓಬಳೇಶ್ ಎರಡೂ ಕಡೆ ಹೋಗಿ ಬಂದ. ಅವ್ವ ಕೆಂಪಕ್ಕ ಕುಂಕುಮ ಅಳಿಸಲಿಲ್ಲ. ಅಪ್ಪ ಇರುವವನು ಮೀಸೆ ಬೋಳಿಸಬಾರದು. ಓಬಳೇಶ್ ಮೀಸೆ ಬಿಟ್ಟ. ಹೋದ ವರ್ಷ ಜಗಳೂರಿನ ಮದುವೆಯೊಂದರಲ್ಲಿ ದೊಡ್ಡಪ್ಪ, ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಹೆಣದ ಬದ್ಲು ದರ್ಭೆ ಗೊಂಬೆ ಮಾಡಿ ಸುಟ್ಟು ಬಿಡ್ರಲೇ. ನೀನು ಮೀಸೆ ತೆಗ್ಸು, ನಿಮ್ಮವ್ವ ಹಣೆ ಒರೆಸ್ಕಳ್ಳಿ. ಇನ್ನೆಷ್ಟು ದಿನ ನಾಟಕ?" ಎಂದಾಗ ಓಬಳೇಶ್ ಕಲಸಿದ ಅನ್ನ ಬಿಟ್ಟು ಎದ್ದು ಬಂದಿದ್ದ.

ತಿಪ್ಪೇರುದ್ರನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ತಮಾಷೆಯೊಂದು ನಾಲಿಗೆಯ ತುದಿಗೆ ಬಂದರೆ ಅವನಿಗೆ ಗೊತ್ತಿರುವುದೆಲ್ಲ ಮರೆತುಹೋಗುತ್ತಿತ್ತು. ಮಾತು ಕಲಿತಾಗಿನಿಂದ ಅವನು ಮಾತಾಡಿದ್ದಕ್ಕಿಂತ ಡೈಲಾಗ್ ಹೊಡೆದದ್ದೇ ಹೆಚ್ಚು. ನೀರಿಗೆ ಬಿದ್ದ ಫೋನು ತಂದವರಿಗೆ, "ಸಾರಿ, ಪೇಷೆಂಟ್ ಕೋಮಾದಲ್ಲೈತೆ. ಇಪ್ಪತ್ನಾಕು ಗಂಟೆ ಕಳೀಲಿ, ಆಮೇಲೆ ಆ ಭಗವಂತ ಐದಾನೆ" ಎನ್ನುತ್ತಿದ್ದ. ತನ್ನ ಯೂಟ್ಯೂಬ್ ಚಾನೆಲ್ಲಿನಲ್ಲಿ ಹೆಸರಿನ ತಿಪ್ಪೆ ಗುಡಿಸಿ ಬರೀ ರುದ್ರ ಆಗಿದ್ದ. ಮಳೆಗಾಲದ ಒಂದು ಮಧ್ಯಾಹ್ನ, ಗಿರಾಕಿ ಇಲ್ಲದೆ ಬೇಜಾರಾಗಿ, ಒದ್ದೆ ಗಡ್ಡದ ದೋಣಿತಾತ ದಡದಲ್ಲಿ ನಿಂತಿರುವ ಚಿತ್ರವೊಂದನ್ನು ಫೋನಿನಲ್ಲೇ ಕತ್ತರಿಸಿ ಅಂಟಿಸಿ ಹುಟ್ಟಿಸಿ, 'ಕಂಪನಿಯಿಂದ ಸೋರಿದ ಫೋಟೋ' ಎಂದು ಹರಿಯಬಿಟ್ಟ. ಅದು ಎಲ್ಲೆಲ್ಲೋ ಹೋಗಿ, ಎಲ್ಲೆಲ್ಲೋ ಜಗಳ ಹಚ್ಚಿತು. ಓಬಳೇಶ್ ಅದನ್ನು ತನ್ನ ಫೋನಿನ ಮುಖಪುಟಕ್ಕೆ ಹಾಕಿಕೊಂಡ. ತಿಪ್ಪೇರುದ್ರ ಎರಡು ದಿನ ಹೊಟ್ಟೆ ಹಿಡಿದುಕೊಂಡು ನಕ್ಕ. ಮೂರನೇ ದಿನ ಹೇಳೋಣವೆಂದುಕೊಂಡ. ಹೇಳಲಿಲ್ಲ.

ಪಣ ಕಟ್ಟಿಸಿದ್ದೂ ಅವನೇ. ಕ್ಯಾಮೆರಾ ಎದುರು ಓಬಳೇಶನನ್ನು ಕೂರಿಸಿಕೊಂಡು, "ತಾತ ಸತ್ರೆ ಏನ್ ಕೊಡ್ತೀಯಲೇ? ಆ ಮೀಸೆ ಇಡ್ತೀಯಾ ಪಣಕ್ಕೆ? ಗಂಡಸಾದ್ರೆ ಹೂಂ ಅನ್ನು!" ಎಂದಿದ್ದ. ಓಬಳೇಶ್ ಮೀಸೆಯ ಮೇಲೆ ಒಮ್ಮೆ ಬೆರಳಾಡಿಸಿದ. ಆಮೇಲೆ, ತೀರ ಸಮಾಧಾನವಾಗಿ, "ಹೂಂ. ಇಡ್ತೀನಿ. ಅವ್ನು ಸಾಯಲ್ಲ" ಎಂದಿದ್ದ.

ಈಗ ಟಿವಿ ಪರದೆಯ ಮೇಲೆ ಮಳೆ ಹುಯ್ಯುತ್ತಿತ್ತು. ಸೇತುವೆ ಕುಸಿಯಿತು. ನಾಲ್ಕು ಬೆರಳಿನ ಕೈ ನಾಯಕನ ಎದೆಗೆ ಒತ್ತಿ ದಡಕ್ಕೆ ತಳ್ಳಿತು. ಟೊಪ್ಪಿಗೆ ತೇಲಿ ಬಂತು. ಹಳೇ ಆಟದಲ್ಲಿ ಇಲ್ಲಿಗೆ ಮುಗಿಯುತ್ತಿತ್ತು.

"ಹೋಗ್ತೈತೆ, ಇನ್ನೂ ಹೋಗ್ತೈತೆ," ಓಬಳೇಶ್ ಮುಂದಕ್ಕೆ ಬಾಗಿದ. "ನೋಡು, ನಾನ್ ಹೇಳ್ಲಿಲ್ವ? ಹುಡ್ಕಾಕೆ ಬಿಟ್ಟಾರೆ!"

ನಿಜ, ಹೊಸ ಆಟ ಹುಡುಕಲು ಬಿಟ್ಟಿತ್ತು. ಓಬಳೇಶ್ ನಾಯಕನನ್ನು ದಡದ ಗುಂಟ ನಡೆಸಿದ. ಜೊಂಡು ಸರಿಸಿದ, ಬಂಡೆಯ ಹಿಂದೆ ಇಣುಕಿದ. ಆಟದಲ್ಲಿ ಬೆಳಗಾಯಿತು. ಹೊಳೆ ತಿರುಗುವ ಕಡೆ, ಮರಳ ದಿಬ್ಬದ ಮೇಲೆ, ಮುದುಕ ಅಂಗಾತ ಮಲಗಿದ್ದ. ಕಣ್ಣು ತೆರೆದಿತ್ತು. ನಾಯಕ ಮಂಡಿಯೂರಿದ. ಸಂಗೀತ ನಿಂತಿತು. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು: ಅವನ ಕಣ್ಣು ಮುಚ್ಚಲು ಗುಂಡಿ ಒತ್ತಿ ಹಿಡಿಯಿರಿ.

ತಿಪ್ಪೇರುದ್ರ ಎದ್ದು ನಿಂತು ಕೈ ಮೇಲೆತ್ತಿದ. "ಕಟ್! ಪ್ಯಾಕಪ್! ಕತ್ತರಿ ತರ್ರಪ್ಪೋ..." ಎಂದವನು ಓಬಳೇಶನ ಮುಖ ನೋಡಿ ಕೈ ಇಳಿಸಿದ.

ಆಟ ಕಾಯುತ್ತಿತ್ತು. ಗುಂಡಿ ಒತ್ತದಿದ್ದರೆ ಮುಂದಕ್ಕೆ ಹೋಗುವ ಹಾಗಿರಲಿಲ್ಲ. ಹೊಳೆಯ ನೀರು ಮುದುಕನ ಕಾಲನ್ನು ನೆಕ್ಕಿ ಹೋಗಿ ಮತ್ತೆ ಬರುತ್ತಿತ್ತು. ಹೊರಗೆ ಯಾರೋ "ರೀ, ಕರೆನ್ಸಿ ಹಾಕ್ರೀ" ಎಂದು ಕೂಗಿ, ಕಾದು, ಹೊರಟು ಹೋದರು.

"ಕೊಡಲೇ, ನಾನು ಒತ್ತೀನಿ," ಎಂದ ತಿಪ್ಪೇರುದ್ರ.

"ಮುಟ್ಟಬ್ಯಾಡ."

ಓಬಳೇಶ್ ಹೆಬ್ಬೆರಳಿಟ್ಟ. ನಾಯಕನ ಕೈ ಮುದುಕನ ಹಣೆಗೆ ಬಂತು, ರೆಪ್ಪೆಗಳು ಇಳಿಯತೊಡಗಿದವು. ಅರ್ಧಕ್ಕೆ ಬಿಟ್ಟ. ರೆಪ್ಪೆಗಳು ಮತ್ತೆ ತೆರೆದವು. ಇನ್ನೊಮ್ಮೆ ಒತ್ತಿದ, ಬಿಟ್ಟ. ತೆರೆದವು. ಹೀಗೇ ಮಾಡುತ್ತಿದ್ದರೆ ಸಂಜೆಯವರೆಗೂ ಮುದುಕ ಅವನನ್ನು ನೋಡುತ್ತಲೇ ಇರುತ್ತಿದ್ದನೇನೋ. ಕೊನೆಗೊಮ್ಮೆ ಒತ್ತಿದವನು ಬಿಡಲಿಲ್ಲ. ಬೆರಳ ಉಗುರು ಬೆಳ್ಳಗಾಗುವವರೆಗೆ, ಕಣ್ಣು ಮುಚ್ಚಿ ಪರದೆ ಕಪ್ಪಾದ ಮೇಲೂ, ಒತ್ತಿಯೇ ಹಿಡಿದಿದ್ದ.

"ಬಿಡಲೇ, ಆಟ ಅದು," ಎಂದ ತಿಪ್ಪೇರುದ್ರ. "ಯಾರೋ ದುಡ್ಡಿಗೆ ಬರ್ದಿರೋ ಕತೆ."

ಓಬಳೇಶ್ ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಅಂಗಿಯ ಗುಂಡಿ ಹಾಕಿಕೊಂಡ. "ಮರುಳಪ್ಪಾರ ಅಂಗಡಿ ತೆಗ್ದಿರ್ತೈತಾ?"

"ಯಾಕೆ?"

"ಪಣ ಕಟ್ಟಿಲ್ವಾ?"

"ಲೇ ಹುಚ್ಚಪ್ಪಾ, ಅದು ವಿಡಿಯೋಕ್ಕೆ! ನಾನೇ ಸೋತಿದ್ರೆ ತೆಗೆಸ್ತಿದ್ನಾ? ನಮ್ಮಪ್ಪ ನನ್ನ ಕಾಲು ಮುರೀತಿದ್ದ. ಬ್ಯಾಡ ಕಣೋ. ಬೇಕಾದ್ರೆ ನಾನೇ ಚಾನೆಲ್ಲಲ್ಲಿ ಬಸ್ಕಿ ಹೊಡೀತೀನಿ."

ಆದರೆ ಓಬಳೇಶ್ ಆಗಲೇ ಬೆಡ್‌ಶೀಟ್ ಸರಿಸಿ ಬಿಸಿಲಿಗೆ ಇಳಿದಿದ್ದ.

ಮರುಳಪ್ಪನ ಸಲೂನಿನಲ್ಲಿ ಗಿರಾಕಿಗಳಿರಲಿಲ್ಲ. ರೇಡಿಯೋ ಹಾಡುತ್ತಿತ್ತು. ಮರುಳಪ್ಪ ಓಬಳೇಶನ ಕುತ್ತಿಗೆಗೆ ಬಿಳೀ ಬಟ್ಟೆ ಸುತ್ತಿ, "ಮೀಸೆ ಸೆಟ್ ಮಾಡ್ಲಾ ಕಂಡಕ್ಟ್ರೇ?" ಎಂದ.

"ತೆಗೀರಿ."

"ಎಷ್ಟು?"

"ಪೂರ್ತಿ."

ಮರುಳಪ್ಪ ಬ್ಲೇಡ್ ಹಾಕುತ್ತಿದ್ದವನು ನಿಂತ. ಕನ್ನಡಿಯಲ್ಲಿ ಓಬಳೇಶನನ್ನೂ ಬಾಗಿಲಲ್ಲಿ ನಿಂತಿದ್ದ ತಿಪ್ಪೇರುದ್ರನನ್ನೂ ನೋಡಿದ. "ನೀವೇನೋ ಹುಡುಗ್ರು ವಿಡಿಯೋದಾಗೆ ಪಣ ಕಟ್ತೀರಿ. ಆ ಪಾಪ ನನ್ ಕೈಗೆ ಬ್ಯಾಡ. ಅಪ್ಪ ಐದಾರೇನಪ್ಪಾ ನಿಂಗೆ?"

ಫ್ಯಾನು ಕಟಕಟ ಎನ್ನುತ್ತ ತಿರುಗಿತು. ತಿಪ್ಪೇರುದ್ರನ ಫೋನು ಜೇಬಿನಲ್ಲಿ ಅದುರುತ್ತಲೇ ಇತ್ತು. ಅಷ್ಟು ಹೊತ್ತಿಗೆ ಯಾರ್ಯಾರೋ ಆಟ ಮುಗಿಸಿದ್ದರು. ಮೀಸೆ ವಿಡಿಯೋ ಎಲ್ಲಿ ಗುರು, ಎಲ್ಲಿ ಗುರು ಎಂದು ಕೇಳುತ್ತಿದ್ದರು. ಅವನು ಜೇಬಿನೊಳಗೇ ಅದರ ಬಾಯಿ ಮುಚ್ಚಿದ.

"ಇಲ್ಲ," ಎಂದ ಓಬಳೇಶ್.

ಆ ಮಾತನ್ನು ಅವನ ಬಾಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಜಗಳೂರಿನ ದೊಡ್ಡಪ್ಪ ಕೇಳಿರಲಿಲ್ಲ, ಮಿಸ್ಸಿಂಗ್ ಕಂಪ್ಲೇಂಟು ಬರೆದುಕೊಂಡ ಪೊಲೀಸರು ಕೇಳಿರಲಿಲ್ಲ. ಮರುಳಪ್ಪ ಹೋಗಿ ರೇಡಿಯೋ ಆರಿಸಿ ಬಂದ. ಆಮೇಲೆ ಬ್ಲೇಡಿನ ಸದ್ದು ಮಾತ್ರ.

ಹೊನ್ನಾಳಿಗೆ ತಿಪ್ಪೇರುದ್ರನ ಬೈಕಿನಲ್ಲಿ ಹೊರಟರು. ಅರ್ಧ ದಾರಿ ಕಳೆಯಿತು. ಮಾತಿಲ್ಲದ ದಾರಿ ತಿಪ್ಪೇರುದ್ರನಿಗೆ ಅಭ್ಯಾಸವಿರಲಿಲ್ಲ. ಗಾಳಿಗೆ ಮುಖ ಕೊಟ್ಟು ಕೂಗಿದ:

"ಓಬಳಿ, ಆ ಫೋಟೋ ಐತಲ್ಲ... ತಾತ ದಡದಲ್ಲಿ ನಿಂತಿದ್ದು. ಅದು ನಾನೇ ಮಾಡಿದ್ದು ಕಣಲೇ."

"ಗೊತ್ತು."

"ಏನು?"

"ಗೊತ್ತು ಅಂದೆ. ತಾತನ ಹಿಂದೆ ಇರೋದು ನಮ್ಮ ಹೊನ್ನಾಳಿ ಸೇತುವೆ. ಕಂಬದ ಮೇಲೆ ಪೋಸ್ಟರ್ ಹರಿದಿರೋದು ಸೈತ ಅಳಿಸಿಲ್ಲ ನೀನು."

ತಿಪ್ಪೇರುದ್ರ ಬೈಕಿನ ವೇಗ ಇಳಿಸಿದ. "ಮತ್ತೆ ಯಾಕಲೇ ಫೋನಿಗೆ ಹಾಕ್ಕಂಡಿದ್ದೆ?"

ಎದುರಿನಿಂದ ಭತ್ತದ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಕಳೆದ ಮೇಲೆ ಓಬಳೇಶ್, "ನಮ್ಮ ಸೇತುವೆ ಹತ್ರ ನಿಂತಿದ್ದ, ಅದ್ಕೆ," ಎಂದ.

ಕೆಂಪಕ್ಕನ ಮಂಡಕ್ಕಿ ಮೆಣಸಿನಕಾಯಿ ಗಾಡಿ ಹೊಳೆಗೆ ಹೋಗುವ ರಸ್ತೆಯಲ್ಲಿತ್ತು. ಸಂಜೆಯ ಮೊದಲ ಎಣ್ಣೆ ಕಾದಿತ್ತು. ಹೊಳೆ ಕಡೆಯಿಂದ ಗಾಳಿ ಬೀಸುತ್ತಿದ್ದರಿಂದ ಒಲೆಗೆ ರಟ್ಟು ಅಡ್ಡ ಇಟ್ಟು, ಕಡಲೆಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದಿ ಬಿಡುತ್ತಿದ್ದಳು. ಪ್ರತಿ ಸಂಜೆ ಮೊದಲ ಒಬ್ಬೆಯಲ್ಲಿ ಒಂದನ್ನು ಅವಳು ಎಣ್ಣೆಯಲ್ಲೇ ಬಿಡುತ್ತಿದ್ದಳು. ಉಳಿದವು ಹೊಂಬಣ್ಣಕ್ಕೆ ಬಂದು ಬುಟ್ಟಿಗೆ ಬಿದ್ದ ಮೇಲೂ ಅದು ಕರಕಲಾಗುವವರೆಗೆ ಬೇಯಬೇಕು. ಪಾಲಣ್ಣನಿಗೆ ಹಾಗಿದ್ದರೇ ರುಚಿ. ಅದನ್ನು ಎಣ್ಣೆ ಡಬ್ಬದ ಮುಚ್ಚಳದ ಮೇಲಿಡುವಳು, ಯಾರಿಗೂ ಮಾರುವುದಿಲ್ಲ. ಹುಡುಗನಾಗಿದ್ದಾಗ ತಿಪ್ಪೇರುದ್ರ ಒಮ್ಮೆ ಕದ್ದು ತಿಂದು, ಜಾಲರಿ ಸೌಟಿನ ಬಿಸಿಯನ್ನು ಮೊಣಕೈ ಮೇಲೆ ತಿಂದಿದ್ದ. ಕಲೆ ಇನ್ನೂ ಇತ್ತು.

ಬೈಕಿನ ಸದ್ದಿಗೆ ಅವಳು ತಲೆ ಎತ್ತದೆಯೇ, "ಇವತ್ತು ಡ್ಯೂಟಿಗೆ ಹೋಗ್ಲಿಲ್ವಂತೆ? ಡ್ರೈವರ್ ಕೇಳಿದ," ಎಂದಳು. ಆಮೇಲೆ ಎತ್ತಿದಳು.

ಓಬಳೇಶನ ಮೇಲ್ತುಟಿ, ಬಿಸಿಲು ಕಾಣದ ಜಾಗ, ಉಳಿದ ಮುಖಕ್ಕೆ ಸೇರದ ಹಾಗೆ ಬೆಳ್ಳಗಿತ್ತು. ಅವನು ಕೈಯಿಂದ ಮುಚ್ಚಿಕೊಳ್ಳಲು ಹೋಗಿ, ಬಿಟ್ಟ.

ಕೆಂಪಕ್ಕ ನೋಡಿದಳು. ಹಿಟ್ಟು ಮೆತ್ತಿದ ಬೆರಳಿನಿಂದ ಒಂದೊಂದೇ ಹನಿ ಗಾಡಿಯ ತಗಡಿನ ಮೇಲೆ ಬೀಳುತ್ತಿತ್ತು. ತಿಪ್ಪೇರುದ್ರ ಬಾಯಿ ತೆರೆದ. ಅಂಥ ಹೊತ್ತಿಗೆ ಬೇಕಾದ ಒಂದು ಮಾತು, ಯಾವುದಾದರೂ ಪಿಕ್ಚರಿನದು, ಅವನಿಗೆ ಹೊಳೆಯಲೇ ಇಲ್ಲ. ಅವಳು ಅವನ ಕಡೆ ತಿರುಗಿ, ಅವನ ತೆಳ್ಳಗಿನ ಮೀಸೆಯ ಮೇಲೆ ಕಣ್ಣಿಟ್ಟು ಕೇಳಿದಳು:

"ನಿಮ್ಮಪ್ಪ ಹುಷಾರಾಗೈದಾನಾ?"

"ಹೂಂ ಕಣವ್ವಾ."

"ಹುಷಾರಾಗಿರ್ಲಿ."

ಅಷ್ಟರಲ್ಲಿ ಬಸ್ ಇಳಿದು ಬಂದ ಹೆಂಗಸೊಬ್ಬಳು ಮಂಡಕ್ಕಿ ಕೇಳಿದಳು. ಓಬಳೇಶ್ ಗಾಡಿಯ ಆಚೆ ಬದಿಗೆ ಹೋಗಿ, ಪೇಪರನ್ನು ಸುತ್ತಿ ಪೊಟ್ಟಣ ಮಾಡಿ ಹಿಡಿದ. ಎಣ್ಣೆಯಲ್ಲಿ ಮೆಣಸಿನಕಾಯಿಗಳು ಕೆಂಪಗಾಗತೊಡಗಿದ್ದವು. ಕೆಂಪಕ್ಕ ಜಾಲರಿ ಸೌಟು ಇಳಿಸಿ, ಒಂದು ಸುತ್ತು ತಿರುಗಿಸಿ, ಎತ್ತಿದಳು. ಎಣ್ಣೆ ಸೋರುವವರೆಗೆ ಹಾಗೇ ಹಿಡಿದಿದ್ದು ಬುಟ್ಟಿಗೆ ಸುರಿದಳು.

ತಿಪ್ಪೇರುದ್ರ ಬಾಣಲೆಯೊಳಗೆ ನೋಡಿದ. ಎಣ್ಣೆಯಲ್ಲಿ ಒಂದೂ ಉಳಿದಿರಲಿಲ್ಲ. ಬುಟ್ಟಿಯಲ್ಲಿ ಎಲ್ಲವೂ ಒಂದೇ ಬಣ್ಣಕ್ಕೆ ಬಂದಿದ್ದವು.