ಮುಡಿಗೊಂದು ಪೆಟ್ಟಿಗೆ

ಬೈಹುಲ್ಲಿಗೆ ನೀರು ಚಿಮುಕಿಸುತ್ತ ಜಗಲಿಯಲ್ಲಿ ಕೂತಿದ್ದೆ. ಹುಲ್ಲು ತೀರಾ ಒಣಗಿದ್ದರೆ ಹಗ್ಗ ಹೊಸೆಯುವಾಗ ಮುರಿಯುತ್ತದೆ, ತೀರಾ ನೆನೆದರೆ ಒಳಗಿನ ಅಕ್ಕಿಗೆ ಮುಗ್ಗು ಹಿಡಿಯುತ್ತದೆ. ಹಿಡಿಯಲ್ಲಿ ಒತ್ತಿದರೆ ತಂಪು ತಾಗಬೇಕು, ನೀರು ಇಳಿಯಬಾರದು. ಆ ಹದಕ್ಕೆ ಬಂತು ಅನ್ನುವಾಗಲೇ ಮಡಿಲಲ್ಲಿದ್ದ ಮೊಬೈಲು ಹೊಡೆದುಕೊಂಡಿತು.

"ಮೇಡಂ, ರಟ್ಟಿನ ಪೆಟ್ಟಿಗೆ ಬೇಕು ಅಂತ ಫೋನ್ ಮಾಡಿದ್ದಿರಲ್ಲ? ನಿಮ್ಮದೇ ಅಳತೆಯಲ್ಲಿ ಮಾಡಿ ಕೊಡುತ್ತೇವೆ. ಆದರೆ ಕಡಿಮೆಯೆಂದರೆ ಒಂದು ಸಾವಿರ ತೆಗೆದುಕೊಳ್ಳಬೇಕಾಗುತ್ತದೆ."

"ನಂಗೆ ಇಪ್ಪತ್ತೈದ್ ಸಾಕ್ ಮಗಾ."

"ಇಪ್ಪತ್ತೈದು ಸಾವಿರವಾ ಮೇಡಂ?" ಹುಡುಗಿಯ ಸ್ವರ ಅರಳಿತು.

"ಅಲ್ಲ. ಬರೀ ಇಪ್ಪತ್ತೈದ್."

ಅರಳಿದ್ದು ಮುದುಡಿತು. ಕೇಳಿ ಹೇಳುತ್ತೇನೆ ಎಂದು ಇಟ್ಟಳು.

ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದ ನಮ್ಮವರು ನಕ್ಕರು. ಊರಿಗೆಲ್ಲ ಅವರು ಮುಡಿ ಕುಷ್ಟಣ್ಣ. ಹಿಂದೆ ಬಾರ್ಕೂರಿನ ಗದ್ದೆಯ ಅಕ್ಕಿಯೆಲ್ಲ ಹುಲ್ಲಿನ ಮುಡಿಯಲ್ಲೇ ಇರುತ್ತಿತ್ತು. ಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಸುತ್ತ ಎತ್ತಿ ಕಟ್ಟಿ, ಮರದ ಕೊಡತಿಯಲ್ಲಿ ಬಡಿದು ಬಡಿದು ಚೆಂಡಿನಂತೆ ಉರುಟು ಮಾಡುವುದು. ಈಗ ಹೊಸ ಮನೆ ಒಕ್ಕಲಿಗೆ, ಮದುವೆಗೆ ಶೋಭೆಗೆಂದು ಐದು ಸೇರಿನ ಪುಟ್ಟ ಮುಡಿ ಕೇಳಿ ಬರುವವರಿದ್ದಾರೆ, ಅಷ್ಟೇ.

"ಮುಡಿಗ್ ಪೆಟ್ಟಿಗೆಯಾ? ಮುಡಿಯೇ ಪೆಟ್ಟಿಗೆ ಅಲ್ದಾ ಮಾರಾಯ್ತಿ! ನಾಳೆ ಆ ಪೆಟ್ಟಿಗೆಗೊಂದ್ ಪೆಟ್ಟಿಗೆ ಕೇಂತೆ ನೀನ್."

"ಕೇಂತೆ. ನಿಮ್ ತಂಗಿಗ್ ಸಮಾ ಮುಟ್ಟುದಾರೆ ಅದನ್ನೂ ಕೇಂತೆ," ಎಂದೆ. ಅವರು ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿದರು.

ಅವರ ತಂಗಿ ಸರಸ. ಎರಡು ವರ್ಷದ ಹಿಂದೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಸ್ವಂತ ಮನೆ ಕೊಂಡಾಗ, ಒಕ್ಕಲಿಗೆ ಅಣ್ಣ ಕಟ್ಟಿದ ಮುಡಿಯೇ ಆಗಬೇಕೆಂದು ಹಟ ಹಿಡಿದಳು. ಇವರಿಗೆ ಕಾಲುನೋವು, ಹೋಗಲಾಗಲಿಲ್ಲ. ಮುಡಿಯನ್ನು ಗೋಣಿಯೊಳಗೆ ಹಾಕಿ ಮುಂಬೈ ಬಸ್ಸಿಗೆ ಕೊಟ್ಟೆವು. ಯಾರ ಟ್ರಂಕಿನ ಅಡಿಗೆ ಬಿತ್ತೋ, ಗೋಣಿಯೂ ಹಗ್ಗವೂ ಹರಿದು ಅಕ್ಕಿಯೆಲ್ಲ ದಾರಿಯಲ್ಲೇ ಚೆಲ್ಲಿಹೋಯಿತು. ನೆಂಟರೆದುರು ಗೋಣಿ ಬಿಚ್ಚಿದವಳು ಅಲ್ಲಿಂದಲೇ ಫೋನು ಮಾಡಿದಳು.

"ಅಣ್ಣಾ, ಹೊಸ ಮನೆಗೆ ಹುಲ್ಲ್ ಕಳ್ಸಿದ್ಯಾ? ನಾನೆಂತ ಇಲ್ಲ್ ದನ ಸಾಂಕ್ತಿದ್ನಾ?"

ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಇವರಿಗೆ ಸಿಟ್ಟು ಮಾತ್ರ ತಿಳಿಯಿತು. "ಹಂಗಾರೆ ಪ್ಯಾಟೆ ಅಕ್ಕಿ ತಕೋ" ಎಂದು ಇಟ್ಟುಬಿಟ್ಟರು. ಅಂದಿನಿಂದ ಅಣ್ಣನೂ ಮಾಡಲಿಲ್ಲ, ತಂಗಿಯೂ ಮಾಡಲಿಲ್ಲ. ನಾನು ಮಾಡಿದರೆ ಫೋನು ಹೊಡೆದು ಹೊಡೆದು ನಿಲ್ಲುತ್ತಿತ್ತು.

ಸರಸ ನನಗೆ ನಾದಿನಿ ಮಾತ್ರ ಅಲ್ಲ. ಈ ಮನೆಗೆ ಬಂದಾಗ ನನಗೆ ಅಕ್ಷರ ಬರುತ್ತಿರಲಿಲ್ಲ. ಊರಿನ ರಾತ್ರಿ ಶಾಲೆಗೆ ನನ್ನ ಕೈ ಹಿಡಿದು ಎಳೆದುಕೊಂಡು ಹೋದವಳು ಅವಳು. ಮದುವೆಯಾಗಿ ಮುಂಬೈಗೆ ಹೋದ ಮೇಲೆ ನನ್ನ ಜನ್ಮದ ಮೊದಲ ಕಾಗದ ಬರೆದದ್ದೂ ಅವಳಿಗೇ. ತಪ್ಪುಗಳಿಗೆಲ್ಲ ಕೆಂಪು ಗೆರೆ ಎಳೆದು ಅದನ್ನೇ ವಾಪಸು ಕಳಿಸಿದ್ದಳು, ಧೂರ್ತೆ. ಅಡಿಯಲ್ಲಿ 'ಅತ್ತಿಗೆ, ಪಾಸು' ಎಂದು ಬರೆದಿದ್ದಳು.

ಹಾಗಾಗಿ ಈ ಸಲವೂ ಕಾಗದ ಬರೆದೆ. ಆದರೆ ಅಕ್ಕಿ ಚೆಲ್ಲಿಹೋದವಳಿಗೆ ಬರೀ ಕಾಗದ ಕಳಿಸುವುದು ಹೇಗೆ? ಮುಡಿಯ ಸಂಗಡವೇ ಹೋಗಲಿ ಎಂದು ಅದನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟೆ. ಒಮ್ಮೆ ಬಿಸ್ಕತ್ತಿನ ಹಳೆ ಪೆಟ್ಟಿಗೆಯಲ್ಲಿ ಮುಡಿ ಇಟ್ಟು ನೋಡಿದೆವು. ಉರುಟು ಸಾಮಾನು, ಒಳಗೇ ಉರುಳಿತು. ಎತ್ತುವಾಗ ಅಡಿಯೇ ಕಳಚಿ ಬಿತ್ತು. ತಡವಾಗಿ ಓದಲು ಕಲಿತವಳಿಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಟ. ಆ ಕಳಚಿದ ರಟ್ಟಿನ ಮೇಲೆ ಪೆಟ್ಟಿಗೆ ಮಾಡಿದ ದೊಡ್ಡ ಕಂಪನಿಯ ಹೆಸರೂ ಫೋನ್ ನಂಬರೂ ಇದ್ದವು. ನಮ್ಮ ಮುಡಿಯ ಅಳತೆಗೇ ದಪ್ಪ ರಟ್ಟಿನದ್ದು ಮಾಡಿಸಿದರೆ ಸರಸನಿಗೂ ಆಯಿತು, ದೂರದಿಂದ ಮುಡಿ ಕೇಳುವವರಿಗೂ ಆಯಿತು ಎಂದು ಎಣಿಸಿದೆ.

ಆಮೇಲೆ ಪ್ರತಿ ಸೋಮವಾರ ನಾನೇ ಫೋನು ಮಾಡುತ್ತಿದ್ದೆ. ಹುಡುಗಿ ಒಮ್ಮೆಯೂ ಬೇಸರಿಸಲಿಲ್ಲ. ಹೊಸ ಅಳತೆಯೆಂದರೆ ಕತ್ತರಿಸುವ ಅಚ್ಚು ಹೊಸತು ಮಾಡಿಸಬೇಕು, ಮೆಷಿನು ನಿಲ್ಲಿಸಿ ಅದನ್ನು ಕೂರಿಸಬೇಕು, ಅಷ್ಟು ಮಾಡಿ ಇಪ್ಪತ್ತೈದು ಕತ್ತರಿಸಿದರೆ ಹೇಗಾದೀತು ಮೇಡಂ ಎಂದಳು. ಅವಳ ಮಾತೂ ಸರಿಯೇ. "ಇರ್ಲಿ ಮಗಾ, ಮುಂದಿನ ವಾರ ಮಾಡ್ತೆ. ಊಟ ಆಯ್ತಾ?" ಎನ್ನುತ್ತಿದ್ದೆ. ಮೂರನೆಯ ವಾರಕ್ಕೆ ಅವಳ ಹೆಸರು ನಿಶ್ಮಿತಾ ಎಂದು ಗೊತ್ತಾಯಿತು. ನಾಲ್ಕನೆಯ ವಾರಕ್ಕೆ ಮಧ್ಯಾಹ್ನದ ಬುತ್ತಿಯಲ್ಲಿ ಏನಿತ್ತೆಂಬುದೂ ಗೊತ್ತಾಯಿತು.

ಐದನೆಯ ಸೋಮವಾರ ಅವಳೇ ಮಾಡಿದಳು.

"ಮೇಡಂ, ಪೆಟ್ಟಿಗೆ ವಿಷಯ ಅಲ್ಲ. ನಮ್ಮ ಮನೆ ಒಕ್ಕಲು ಇದೆ. ದೇವರೆದುರು ಮುಡಿ ಇಡಲೇಬೇಕು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಾರೆ. ನಮ್ಮ ಕಡೆ ಕಟ್ಟುವವರು ಯಾರೂ ಸಿಗಲಿಲ್ಲ. ಒಂದೇ ಒಂದು ಮುಡಿ ಸಿಗಬಹುದಾ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಜಗಲಿಯ ತುದಿಯಿಂದ ಕೂಗಿದರು. "ಒಂದಾ? ಒಂದ್ ಮುಡಿಗ್ ಹುಲ್ಲ್ ನೆನ್ಸುಕ್ ಆತಿಲ್ಲೆ ಅಂದೇಳ್! ಹತ್ತಾರೂ ಬೇಕ್!"

ಆ ಕಡೆ ಕಂಪನಿಯ ಕನ್ನಡವೆಲ್ಲ ಎಲ್ಲಿ ಹೋಯಿತೋ.

"ಹ್ವಾಯ್ ಅಜ್ಜಾ! ಹತ್ ಮುಡಿ ತಕಂಡ್ ನಾನ್ ಎಂತ ಮಾಡುದ್? ನೀವೂ ನಮ್ ಕಂಪನಿಯವ್ರಾ ಹ್ಯಾಂಗೆ?"

ನನಗೆ ನಗು ತಡೆಯಲಾಗಲಿಲ್ಲ. "ನಿಂದ್ ಯಾವೂರ್ ಮಗಾ?"

"ಯಡ್ತರೆ ಅಜ್ಜಿ. ಬೈಂದೂರ್ ಹತ್ರ."

"ಇಷ್ಟ್ ದಿನ ಮೇಡಂ ಮೇಡಂ ಅಂದೇಳಿ ಕೊಂದ್ಯಲೆ!"

"ಆಫೀಸಂಗೆ ಹಂಗೇ ಮಾತಾಡ್ಕಲೆ ಅಜ್ಜಿ," ಎಂದಳು.

ನಾನು ನಮ್ಮವರತ್ತ ತಿರುಗಿದೆ. ತಾವು ಆಡಿದ್ದು ತಮಗೇ ಕೇಳಿಸಿದವರಂತೆ ಅವರು ಬೋಳುತಲೆ ಸವರಿಕೊಳ್ಳುತ್ತಿದ್ದರು. "ಸರಸನ ಮುಡಿಗ್ ಹೇಂಗೂ ಹುಲ್ಲ್ ನೆನ್ಸುಕಿತ್ತಲೆ," ಎಂದೆ. "ಅದ್ರ್ ಸಂಗ್ತಿಗೆ ಇನ್ನೊಂದ್ ಕಟ್ರೆ ಆತಿಲ್ಯಾ?"

"ಕಟ್ಟುವ," ಎಂದರು ಮೆಲ್ಲಗೆ.

ಫೋನಿನೊಳಗೆ ನಿಶ್ಮಿತಾಳ ಸ್ವರ ಮತ್ತೆ ಅರಳಿತು. "ಅಜ್ಜಿ, ಹಂಗಾರೆ ನಂಗೂ ಒಂದ್ ದಾರಿ ಕಾಂತ್. ದೊಡ್ಡ ಪಾರ್ಟಿಯವ್ರಿಗೆ ಮಾದರಿ ತೋರ್ಸುಕೆ ನಮ್ಮಲ್ಲ್ ಒಂದ್ ಸಣ್ಣ ಮೆಷಿನ್ ಇತ್. ಅದ್ಕೆ ಅಚ್ಚ್ ಬೇಡ, ಕಂಪ್ಯೂಟರ್ ಅಳತೆ ಕೊಟ್ರೆ ಸಾಕ್. ಬೇರೆ ಮಾದರಿ ಕತ್ತರ್ಸುವತ್ತಿಗೆ ಸಂಗ್ತಿಗೆ ಇಪ್ಪತ್ತೈದ್ ಕತ್ತರ್ಸುಕಾತ್ತಾ ಕೇಂತೆ. ಒಂದೊಂದಕ್ಕೆ ರೇಟ್ ಸ್ವಲ್ಪ ಜಾಸ್ತಿ ಆಪುದ್."

"ಆಯ್ಲಿ ಮಗಾ. ಅಳತೆ ಈಗ್ಳೇ ಬರ್ಕೋ."

ಹಿಂದಿನ ದಿನವಷ್ಟೇ ಮದುವೆ ಮನೆಯವರಿಗೆಂದು ಕಟ್ಟಿಟ್ಟ ಮುಡಿಯೊಂದು ಜಗಲಿಯಲ್ಲಿತ್ತು. ಟೇಪು ಹಿಡಿದು ಅದರ ಎತ್ತರ, ಅಗಲ ಹೇಳಿದೆ.

ವಾರದೊಳಗೆ ನಿಶ್ಮಿತಾಳ ಅಪ್ಪ ಬಂದು ಅವರ ಮುಡಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಹೋದರು. ಹತ್ತು ದಿನ ಕಳೆದು ಬ್ರಹ್ಮಾವರದ ಬಸ್ಸಿಗೆ ನಮ್ಮ ಪೆಟ್ಟಿಗೆ ಬಂದವು. ಇಪ್ಪತ್ತೈದು ಪೆಟ್ಟಿಗೆ ಇಡಬೇಕಲ್ಲ ಎಂದು ನಾನು ಅಟ್ಟವೆಲ್ಲ ಖಾಲಿ ಮಾಡಿದ್ದೆ. ಬಂದದ್ದು ಚಪ್ಪಟೆಯಾಗಿ ಮಡಚಿದ ಒಂದು ಕಟ್ಟು, ಮಂಚದಡಿಗೆ ಹಿಡಿಯುವಷ್ಟು.

ಒಂದನ್ನು ಬಿಡಿಸಿ ಸರಸನ ಮುಡಿ ಇಟ್ಟರೆ, ಸುತ್ತಲೂ ಒಂದೊಂದು ಬೆರಳು ಜಾಗ! ಎತ್ತಿದರೆ ಒಳಗೆ ಕುಲುಕುತ್ತದೆ.

"ಅಳತೆ ಯಾವ ಮುಡಿದ್ ಕೊಟ್ಟದ್?" ಎಂದರು ನಮ್ಮವರು.

ಆಗ ಹೊಳೆಯಿತು. ಅಳೆದದ್ದು ಹಸಿ ಹುಲ್ಲಿನ ಮುಡಿಯನ್ನು. ಹುಲ್ಲು ಒಣಗಿದ ಮೇಲೆ ಮುಡಿ ಇಳಿಯುತ್ತದೆಂದು ನನಗೆ ಗೊತ್ತಿಲ್ಲವೇ? ಐವತ್ತು ವರ್ಷ ನೋಡಿದವಳು, ಟೇಪು ಕೈಗೆ ಬಂದ ಖುಷಿಯಲ್ಲಿ ಮರೆತೆ.

"ಐವತ್ತ್ ವರ್ಷ ಆಯ್ತ್, ಹೆಣ್ಣ್ ಇನ್ನೂ ಹಸಿ," ಎಂದು ನಗುತ್ತ, ಸುತ್ತ ಹುಲ್ಲು ತುರುಕಿ ಮುಡಿಯನ್ನು ಅಲುಗಾಡದಂತೆ ಕೂರಿಸಿದರು. ಮೇಲೆ ಮಾತ್ರ ಒಂದು ಬೆರಳು ಜಾಗ ಉಳಿಯಿತು. ಅಲ್ಲಿಗೂ ಹುಲ್ಲು ಹಾಕಲು ಹೋದವರ ಕೈ ಹಿಡಿದೆ.

"ಅಲ್ಲ್ ಹುಲ್ಲ್ ಬೇಡ. ಮುಚ್ಚ್ಳ ತೆಗ್ದ್ ಕೂಡ್ಲೆ ಹುಲ್ಲೇ ಕಂಡ್ರೆ ಅವ್ಳ್ ಸುಮ್ನಿರ್ತ್ಳಾ?"

ಅಕ್ಕಿ ಡಬ್ಬಿಯಿಂದ ಕಾಗದ ತಂದೆ. ಎರಡು ವರ್ಷದಲ್ಲಿ ಅದೂ ಬೆಳೆದಿತ್ತು. ದನ ಕರು ಹಾಕಿದ್ದು, ಬಾವಿಯ ಕಟ್ಟೆ ಕುಸಿದದ್ದು, ಅವಳ ಗೆಳತಿ ಸ್ವರ್ಣಲತಾ ಊರಿಗೆ ಬಂದು ಅವಳ ಸುದ್ದಿ ಕೇಳಿದ್ದು, ಎಲ್ಲಕ್ಕೂ ಒಂದೊಂದು ಹಾಳೆ ಸೇರಿಸುತ್ತಲೇ ಇದ್ದೆ. ಸರಿಯಾಗಿ ಒಂದು ಬೆರಳು ದಪ್ಪ. ಕೊನೆಯ ಹಾಳೆಯ ಅಡಿಗೆ, 'ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆದು ವಾಪಸು ಕಳಿಸು' ಎಂದು ಬರೆದೆ.

ನಮ್ಮವರು ಇಣುಕಿದರು. "ನಂದೊಂದ್ ಬರಿ."

"ಎಂತ ಬರುದ್?"

ಕೊಡತಿಯನ್ನು ಕೈಯಲ್ಲಿ ತಿರುಗಿಸಿದರು. "ಈ ಸಲ ಹುಲ್ಲಿನೊಳ್ಗೆ ಅಕ್ಕಿಯೂ ಇತ್ ಅಂದೇಳಿ ಬರಿ."

ಅವರು ಹೇಳಿದಂತೆಯೇ ಬರೆದೆ. ಕಾಗದವನ್ನು ಮುಡಿಯ ನೆತ್ತಿಯ ಮೇಲಿಟ್ಟು ಮುಚ್ಚಳ ಒತ್ತಿದೆ. ಪೆಟ್ಟಿಗೆ ಎತ್ತಿ ಅಲುಗಿಸಿದರೆ ಸದ್ದಿಲ್ಲ.

ಬ್ರಹ್ಮಾವರದ ಅಂಚೆ ಕಚೇರಿಗೆ ಇಬ್ಬರೂ ಬಸ್ಸಿನಲ್ಲಿ ಹೋದೆವು. ಪೆಟ್ಟಿಗೆ ಅವರ ಮಡಿಲಲ್ಲೇ ಇತ್ತು. ಕೌಂಟರಿನಲ್ಲಿದ್ದವಳು ತೂಗಿ, ಚೀಟಿ ಅಂಟಿಸುತ್ತ ಕೇಳಿದಳು. "ಒಳ್ಗ್ ಎಂತ ಇತ್ ಅಮ್ಮ?"

"ಒಂದ್ ಕಾಗ್ದ," ಎಂದೆ. "ಅದ್ರ್ ಅಡಿಗೆ ಐದ್ ಸೇರ್ ಅಕ್ಕಿ."

ಅವಳು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಂದಿನ ಕಟ್ಟೆಯ ಮೇಲೆ, ಮುಂಬೈಗೆ ಹೋಗುವ ಸಾಲಿನಲ್ಲಿ ಇಟ್ಟಳು.